ಇಲ್ಲೇ ಆದ ಬಟವಾಡೆ

ಆಲ್ಕೊಳ, ಶಿವಮೊಗ್ಗ
ಗುರುವಾರ, ೧೨ ಜೂನ್ ೨೦೨೫

ಪ್ರೀತಿಯ, ತುಂಬಾ ತುಂಬಾ ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆ ಅಮೂಲ್ಯಳ ವಂದನೆಗಳು. ಹೇಗಿದ್ದೀರಿ ಅತ್ತೆ? ಮೊಣಕಾಲು ನೋವು ಹೇಗಿದೆ? ಬಿಪಿ ಮಾತ್ರೆಯನ್ನು ಕಿಟಕಿಯಲ್ಲೇ ಬಿಟ್ಟು ಹೋಗಿದ್ದೀರಿ. ನಿಮ್ಮ ಮಗ ಎಬಿ ನಾಳೆ ಭದ್ರಾವತಿಗೆ ಬರುವಾಗ ಈ ಕಾಗದದ ಜೊತೆ ಅದನ್ನೂ ತರುತ್ತಾರೆ, ನನ್ನ ಮೇಲಿನ ಕೋಪವನ್ನು ಮಾತ್ರೆಯ ಮೇಲೆ ತೋರಿಸಬೇಡಿ. ಚಿಕ್ಕತ್ತೆ ಜನ್ನಾಪುರದ ಮನೆಯಲ್ಲಿ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಗೊತ್ತು. ಆದರೆ ಅವರ ಸಾರಿನ ಖಾರಕ್ಕೆ ನಿಮ್ಮ ಹೊಟ್ಟೆ ಉರಿಯುತ್ತದೆ ಅಂತ ನೀವೇ ಹೇಳಿದ್ದಿರಿ. ನಿಮ್ಮ ಫೋನು ಅಕ್ಕಿ ಡಬ್ಬದ ಮೇಲೆ ನೀವಿಟ್ಟ ಹಾಗೇ ಇದೆ. ಅದಕ್ಕೇ ಈ ಕಾಗದ. ಪರೀಕ್ಷೆ ಬಿಟ್ಟರೆ ನಾನು ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ನಕ್ಕುಬಿಡಿ. ನೀವು ನಕ್ಕರೆ ಸಾಕು ನನಗೆ.

ಮನೆ ಮನೆಯ ಹಾಗಿಲ್ಲ ಅತ್ತೆ. ಎಬಿ ಆಫೀಸಿನಿಂದ ಬಂದು ತಟ್ಟೆ ಮುಂದೆ ಕೂತು, ತಿಂದು, ಎದ್ದು ಹೋಗುತ್ತಾರೆ. ಮದುವೆಯಾದ ಹೊಸತರಲ್ಲಿ ನನ್ನ ದೋಸೆ ಭಾರತದ ನಕ್ಷೆಯ ಹಾಗಿದೆ ಅಂತ ರೇಗಿಸುತ್ತಿದ್ದವರು ಈಗ ಅದನ್ನೂ ಅನ್ನುವುದಿಲ್ಲ. ಬೈದಿದ್ದರೆ ಅತ್ತು ಹಗುರವಾಗುತ್ತಿದ್ದೆ. ಹಾಂ, ನಮ್ಮ ಇಸ್ತ್ರಿ ಪೆಟ್ಟಿಗೆ ಸುಟ್ಟುಹೋಯಿತು, ಯಾಕೆ ಅಂತ ಈಗಲೇ ಕೇಳಬೇಡಿ. ಎಂಟು ಗಂಟೆಗೆ ಏಳುತ್ತಿದ್ದ ನಾನು ಈಗ ಬೆಳಗಾಗುತ್ತಲೇ ಎದ್ದು ವಾಕಿಂಗ್ ಹೋಗುತ್ತಿದ್ದೇನೆ, ಎಬಿಗೆ ಅದೊಂದೇ ಆಶ್ಚರ್ಯ.

ಆ ಭಾನುವಾರದ್ದನ್ನು ನನ್ನ ಕಡೆಯಿಂದ ಒಮ್ಮೆ ಕೇಳಿ ಅತ್ತೆ, ಪ್ಲೀಸ್. ನೀವು ದಿನಾ ಬೆಳಿಗ್ಗೆ ವಾಕಿಂಗ್ ಅಂತ ಹೊರಡುತ್ತಿದ್ದಿರಿ, ಬರುವಾಗ ಸೀರೆಯ ನೆರಿಗೆ ಒದ್ದೆ ಇರುತ್ತಿತ್ತು, ಕೈಯಿಂದ ಸೋಪಿನ ವಾಸನೆ ಬರುತ್ತಿತ್ತು. ನಾನು ಪೆದ್ದಿ, ಪಾರ್ಕಿನಲ್ಲಿ ಮುಖ ತೊಳೆಯುತ್ತೀರಿ ಅಂದುಕೊಂಡಿದ್ದೆ. ಒಂದು ದಿನ ನೀವು ಮರೆತ ಛತ್ರಿ ಹಿಡಿದುಕೊಂಡು ಹಿಂದೆಯೇ ಓಡಿ ಬಂದೆ. ಕೂಗಿದರೆ ನಿಮಗೆ ಕೇಳಲಿಲ್ಲ. ನವುಲೆಯ ಆ ನೀಲಿ ಬಾಗಿಲಿನ ಬಾಡಿಗೆ ಮನೆಯ ತನಕ ಬಂದುಬಿಟ್ಟೆ. ಒಗೆಯುವ ಕಲ್ಲಿನ ಮುಂದೆ ನೀವು ಬಗ್ಗಿಕೊಂಡು ಬೆಡ್‌ಶೀಟ್ ಹಿಂಡುತ್ತಿದ್ದಿರಿ. ಒಳಗಿಂದ ಬಸವರಾಜೇಶ್ವರಿ ಮೇಡಂ ಮಲಗಿದಲ್ಲಿಂದಲೇ, 'ಏ ದಯಾಮಣಿ, ನೀರು ಎಷ್ಟು ಚೆಲ್ತೀಯ ಮಾರಾಯ್ತಿ, ನಿಮ್ಮಪ್ಪ ಕಟ್ಟಿಸಿದ ಡ್ಯಾಮಾ ಇದು!' ಅಂತ ಗದರುತ್ತಿದ್ದರು. ನೀವು ನಗುತ್ತಿದ್ದಿರಿ. ಎಬಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ, ಇಡೀ ನವುಲೆಯೇ ಹೆದರುತ್ತಿದ್ದ ಆ ಮೇಡಂ ಹಾಸಿಗೆ ಹಿಡಿದಿದ್ದಾರೆ, ಅವರ ಹಾಸಿಗೆ ದಿನಾ ಒದ್ದೆಯಾಗುತ್ತದೆ, ಅದನ್ನು ನೀವು ಒಗೆದು, ಅವರಿಗೆ ಮೈ ಒರೆಸಿ, ಜಡೆ ಹೆಣೆದು, ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತೀರಿ ಅಂತ ನನಗೆ ಅಲ್ಲೇ ಗೊತ್ತಾಯಿತು. ಇಂಥವರ ಮನೆಗೆ ಸೊಸೆಯಾಗಿ ಬಂದೆನಲ್ಲ ಅಂತ ಹೆಮ್ಮೆಯಿಂದ ಎದೆ ಉಬ್ಬಿಹೋಯಿತು.

ಆ ಹೆಮ್ಮೆಯೇ ಕೆಡಿಸಿತು. ಹೆಮ್ಮೆ ಬಂದರೆ ನನಗೆ ಗೊತ್ತಿರುವುದು ಒಂದೇ ಕೆಲಸ. ಫೋಟೋ ತೆಗೆದೆ, ಮೂರು ಕೆಂಪು ಹೃದಯ ಹಾಕಿ, 'ನನ್ನ ಅತ್ತೆ, ನನ್ನ ಹೀರೋ' ಅಂತ ಸ್ಟೇಟಸ್ ಹಾಕಿದೆ. ಮೇಡಂ ಮುಖ ಬರಲಿಲ್ಲ, ಹೆಸರು ಹಾಕಲಿಲ್ಲ, ತಪ್ಪೇನು ಅಂದುಕೊಂಡೆ. ನೀಲಿ ಬಾಗಿಲು ಬಂದಿತ್ತಲ್ಲ. ಅವರ ಹಳೇ ವಿದ್ಯಾರ್ಥಿಗಳಿಗೆ ಗುರುತು ಹಿಡಿಯಲು ಆ ಬಾಗಿಲೇ ಸಾಕಾಯಿತು. ಚರ್ಚಿನ ಸ್ತ್ರೀಯರ ಕೂಟದವರು ಭಾನುವಾರ ನಿಮ್ಮನ್ನು ಮುಂದೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ. ನಿಮ್ಮ ಮುಖ ಬಿಳಿಚಿಕೊಂಡದ್ದನ್ನು ನೋಡಿ ಆನಂದಕ್ಕೆ ಅಂದುಕೊಂಡೆ ಅತ್ತೆ! ಆಟೋದಲ್ಲಿ ಶಾಲು ಮಡಚಿ ನನ್ನ ತೊಡೆಯ ಮೇಲಿಟ್ಟು, 'ಬಟವಾಡೆ ಆಗಿಹೋಯ್ತು ಕಣಮ್ಮ, ಇಲ್ಲೇ ಕೊಟ್ಟುಬಿಟ್ರು' ಅಂದಿರಿ. ನನಗೆ ಅರ್ಥವಾಗಲಿಲ್ಲ. ಸಂಜೆ ಎಬಿ ಹೇಳಿದರು, ಮಾವ ಕಾರ್ಖಾನೆಯಲ್ಲಿದ್ದಾಗ ಸಂಬಳ ಕೈಗೆ ಬರುವ ದಿನವನ್ನು ಬಟವಾಡೆ ಅನ್ನುತ್ತಿದ್ದರಂತೆ, ಒಮ್ಮೆ ತಗೊಂಡ ಮೇಲೆ ಇನ್ನೊಮ್ಮೆ ಕೈ ಚಾಚುವ ಹಾಗಿಲ್ಲವಂತೆ. ಗುಟ್ಟಾಗಿ ಮಾಡಿದ್ದಕ್ಕೆ ಮೇಲಿರುವ ತಂದೆ ಕೊಡುತ್ತಾನೆ, ಊರು ಹೊಗಳಿದರೆ ಆ ಹೊಗಳಿಕೆಯೇ ಕೂಲಿ. ಬೈಬಲಿನ ಈ ವಾಕ್ಯ ನನಗೆ ಗೊತ್ತಿಲ್ಲದ್ದೇನಲ್ಲ ಅತ್ತೆ. ಸಂಡೇ ಸ್ಕೂಲಿನಲ್ಲಿ, ಹುಳ ತಿನ್ನದ, ತುಕ್ಕು ಹಿಡಿಯದ ಪರಲೋಕದ ಗಂಟಿನ ಮಾತೂ ಸೇರಿಸಿ ಆ ಇಡೀ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಗಿಳಿಯ ಹಾಗೆ ಒಪ್ಪಿಸಿ ಫಸ್ಟ್ ಪ್ರೈಜ್ ತಗೊಂಡವಳು ನಾನು. ಪ್ಲಾಸ್ಟಿಕ್ ಕಪ್ ಇನ್ನೂ ಅಮ್ಮನ ಮನೆಯ ಶೋಕೇಸಿನಲ್ಲಿದೆ.

ಮರುದಿನ ಬೆಳಿಗ್ಗೆ ನೀವು ಎಂದಿನಂತೆ ನವುಲೆಗೆ ಹೋಗಿ, ಹೋದಷ್ಟೇ ಬೇಗ ತಿರುಗಿ ಬಂದಿರಿ. ಸೀರೆ ಒಣಗಿತ್ತು. ಅಡುಗೆಮನೆಯಲ್ಲಿ ನಿಂತು ಒಂದೇ ಮಾತು ಹೇಳಿದಿರಿ: ಮೇಡಂ ಮಾಲೀಕರ ಮನೆಯವರಿಂದ ಬೀಗ ತೆಗೆಸಲಿಲ್ಲ, ಒಳಗಿಂದಲೇ 'ಶಾಲು ಹೊದ್ಕೊಂಡು ಬಂದ್ಯಾ ದಯಾಮಣಿ?' ಅಂದರು ಅಂತ. ಆಮೇಲೆ ಚೀಲ ತುಂಬಿಕೊಂಡು ಬಸ್ ಹತ್ತಿದಿರಿ. ನಾನು ಕಾಲು ಹಿಡಿದೆ. 'ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ, ನನಗೆ ಇನ್ನು ಅಲ್ಲೂ ಮುಖ ಇಲ್ಲ, ಇಲ್ಲೂ ಮುಖ ಇಲ್ಲ' ಅಂದಿರಿ. ಆ 'ಅಲ್ಲಿ' ಅಂದರೆ ಎಲ್ಲಿ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ. ನೀವು ಜೀವನದಲ್ಲಿ ನಿಮಗೆ ಅಂತ ಏನನ್ನೂ ಇಟ್ಟುಕೊಂಡವರಲ್ಲ. ಈ ಒಂದು ಗುಟ್ಟು ನಿಮ್ಮದಾಗಿತ್ತು, ನಿಮ್ಮದು ಮತ್ತು ದೇವರದ್ದು. ಅದನ್ನೂ ನಾನು ಬೀದಿಗೆ ತಂದೆ.

ಸ್ಟೇಟಸ್ ಅಳಿಸಿದೆ, ಆದರೆ ಯಾರ್ಯಾರ ಫೋನಿಗೋ ಹೋಗಿಬಿಟ್ಟಿದೆ. ಪಾಸ್ಟರ್ ಹತ್ತಿರ ಓಡಿದೆ. ಶಾಲು ಕೂಲಿಯಲ್ಲ ಅಮ್ಮ, ಅದು ಪ್ರೀತಿ ಅಂದರು. ಸಮಾಧಾನ ಆಗಲಿಲ್ಲ. ನೀವು ಅಷ್ಟು ವರ್ಷ ಗುಟ್ಟಾಗಿ ಮಾಡಿದ್ದು ಒಬ್ಬ ಬಾಯಿಬಡುಕಿ ಸೊಸೆಯಿಂದ ಅಳಿಸಿಹೋಗುವುದಾದರೆ ಅದೆಂಥ ದೇವರು ಅಂತ ಸಿಟ್ಟೂ ಬಂತು, ಮರುಕ್ಷಣ ಹೆದರಿಕೆಯೂ ಆಯಿತು. ಮಂಡಿಯೂರಿ ಬೇಡಿದೆ: ನನ್ನ ಪಾಲಿನದ್ದನ್ನೆಲ್ಲ ತೆಗೆದು ಅತ್ತೆಗೆ ಕೊಟ್ಟುಬಿಡು ಸ್ವಾಮಿ ಅಂತ. ಬೇಡಿ ಮುಗಿಸಿದ ಮೇಲೆ ಹೊಳೆಯಿತು, ಅಲ್ಲಿ ನನ್ನದು ಅಂತ ಏನಿದೆ? ಒಂದು ಪ್ಲಾಸ್ಟಿಕ್ ಕಪ್. ಅಳುತ್ತಲೇ ನಗು ಬಂತು, ಆ ನಗುವೇ ಆಮೇಲೆ ಇನ್ನೂ ಅಳಿಸಿತು. ನಿಮಗೆ ಏನು ಕೊಟ್ಟರೆ ಇದು ತೀರುತ್ತದೆ, ಹೇಳಿಬಿಡಿ. ಹೇಳದಿದ್ದರೆ ನಾನು ಹೀಗೆಯೇ ಸೊರಗಿ ಹೋಗುತ್ತೇನೆ, ಸುಮ್ಮನೆ ಹೇಳುತ್ತಿಲ್ಲ. ನಾನೇ ಬಂದು ಕೈಹಿಡಿದು ಕರೆದುಕೊಂಡು ಬರುತ್ತಿದ್ದೆ. ಆದರೆ ಬೆಳಗಿನ ಹೊತ್ತು ನಾನು ಊರು ಬಿಡುವ ಹಾಗಿಲ್ಲ.

ಚಿಕ್ಕತ್ತೆಗೆ ನನ್ನ ವಂದನೆ ತಿಳಿಸಿ. ರಾತ್ರಿ ಪ್ರಾರ್ಥನೆಯಲ್ಲಿ ನನ್ನ ಹೆಸರನ್ನು ಬಿಟ್ಟಿದ್ದರೆ ದಯವಿಟ್ಟು ಮತ್ತೆ ಸೇರಿಸಿಕೊಳ್ಳಿ. ದೇವರು ನಿಮ್ಮ ಮೊಣಕಾಲಿಗೂ ಮನಸ್ಸಿಗೂ ಬಲ ಕೊಡಲಿ.

ಏನೇ ಆದರೂ ನಿಮ್ಮವಳೇ,
ಅಮೂಲ್ಯ

ಮರೆತಿದ್ದೆ: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀವು ಹೋದ ಮಾರನೆಯ ಬೆಳಿಗ್ಗೆ ನಾನು ನೀಲಿ ಬಾಗಿಲಿಗೆ ಹೋದೆ. ಫೋನ್ ಮನೆಯಲ್ಲೇ ಬಿಟ್ಟಿದ್ದೆ. ಮೇಡಂ ಒಳಗಿಂದಲೇ 'ಹೋಗು' ಅಂದರು. ಹೋಗಲಿಲ್ಲ. ಮನೆ ಮಾಲೀಕರ ತಾಯಿ ಶೇಷಮ್ಮನವರು ಹೊರಗಿಂದ ಗೋಗರೆದು, ಕೊನೆಗೆ ತಮ್ಮ ಕೀಲಿಯಿಂದಲೇ ತೆಗೆದರು. 'ಕ್ಯಾಮೆರಾ ಎಲ್ಲಿ ಇಟ್ಟು ಬಂದೆ, ಹೀರೋಯಿನ್?' ಅಂದರು ಮೇಡಂ. ನಿತ್ಯ ಹೋಗುತ್ತಿದ್ದೇನೆ. ಈ ಜಿಟಿಜಿಟಿ ಮಳೆಯಲ್ಲಿ ಬೆಡ್‌ಶೀಟ್ ಒಣಗುವುದಿಲ್ಲ, ಹಸಿಯಲ್ಲೇ ಉಜ್ಜಿ ಉಜ್ಜಿ ಇಸ್ತ್ರಿ ಪೆಟ್ಟಿಗೆ ಸುಟ್ಟಿದ್ದು ಅದಕ್ಕೇ. ಆದರೆ ಅತ್ತೆ, ನನಗೆ ಅವರನ್ನು ಮಗ್ಗುಲು ಹೊರಳಿಸಲು ಬರುವುದಿಲ್ಲ. ಸೊಂಟದ ಕೆಳಗೆ ಚರ್ಮ ಕೆಂಪಾಗಿ ಒಡೆಯುತ್ತಿದೆ, ನಿನ್ನೆಯಿಂದ ಜ್ವರ. ಡಾಕ್ಟರ್ ಬೇಡ, ಯಾರೂ ಬೇಡ ಅನ್ನುತ್ತಾರೆ. ಜಡೆ ಹೆಣೆಯಲು ಹೋದರೆ ಕೈ ತಳ್ಳಿದರು. ಇವತ್ತು ಗೋಡೆಯ ಕಡೆ ಮುಖ ಮಾಡಿಕೊಂಡು, 'ದಯಾಮಣಿಗೆ ಹೇಳು, ಸ್ವರ್ಗದ ಸಂಬಳ ಆಮೇಲೆ ನೋಡ್ಕೊಳ್ಳಲಿ, ನನ್ನ ತಲೆ ಸಿಕ್ಕುಗಟ್ಟಿದೆ' ಅಂದರು. ಇದನ್ನು ಯಾರಿಗೂ ಹೇಳಿಲ್ಲ, ಎಬಿಗೂ ಇಲ್ಲ. ಕವರಿಗೆ ಗೋಂದು ಹಚ್ಚಿದ್ದೇನೆ. ಓದಿ ಒಲೆಗೆ ಹಾಕಿ, ನಾಳೆ ಎಬಿ ಜೊತೆಯಲ್ಲೇ ಹೊರಟುಬನ್ನಿ. ನೀವು ಒಳಗೆ ಹೋಗಿ, ನಾನು ಒಗೆಯುವ ಕಲ್ಲಿನ ಹತ್ತಿರ ಇರುತ್ತೇನೆ. ಯಾರಾದರೂ ಕೇಳಿದರೆ, ಅತ್ತೆ ಸೊಸೆ ವಾಕಿಂಗ್ ಬಂದಿದ್ದೇವೆ ಅನ್ನುತ್ತೇನೆ.