ಯಂತ್ರವನ್ನು ಆರಿಸಿ

ಭಾನುವಾರ, ೩೦ ಸೆಪ್ಟೆಂಬರ್ ೨೦೧೨

ಎಂದಿನಂತೆ ಬೆಳಗಿನಿಂದ ತಾರಸಿಯಲ್ಲಿ, ಮಹಡಿಯ ಮನೆಯ ಚನಬಸಪ್ಪನವರೊಡನೆ. ಅವರು ಬೆಸುಗೆ ಹಾಕುತ್ತಾರೆ. ನಾನು ತಂತಿ ಹಿಡಿಯುತ್ತೇನೆ. ಮೂರಡಿಯ ಹಲಗೆ, ಸುತ್ತ ಟಾರ್ಪಾಲಿನ ಲಂಗ, ನಡುವೆ ಗಾಳಿಚಕ್ರ. ಗಾಳಿ ತುಂಬಿದರೆ ನೆಲ ಬಿಟ್ಟೇಳುತ್ತದೆ. ನೀರ ಮೇಲೂ ಜಾರುವುದಂತೆ. ‘ಹೋವರ್‌ಕ್ರಾಫ್ಟ್’ ಎನ್ನುತ್ತಾರೆ. ‘ಗಾಳಿದೆಪ್ಪ’ ಎನ್ನಬೇಕೆಂದೆ.

“ಗಾಳಿದೆವ್ವ ಅಂದಂಗ ಕೇಳಸ್ತೈತ್ರೀ ಸರ!”

ಮಳೆ, ಕಾಲ ಸೇರಿ ಮಳೆಗಾಲವಾದಂತೆ ಗಾಳಿ, ತೆಪ್ಪ ಸೇರಿ ಗಾಳಿದೆಪ್ಪ, ಇದೂ ಆದೇಶಸಂಧಿ ಎಂದು ವಿವರಿಸಿದೆ.

“ಮತ್ತ ಗಾಳಿಪಟಕ್ಕ ಯಾಕಿಲ್ರೀ ಆ ಸಂಧಿ?”

ಕೆಳಗಿಳಿದು ವ್ಯಾಕರಣದ ಪುಸ್ತಕ ತೆರೆದೆ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನಿಗೆ ಇಂಥ ಪ್ರಶ್ನೆ...

೧೪ ಅಕ್ಟೋಬರ್

ಎದ್ದಿತು! ಆದರೆ ಬ್ಯಾಟರಿಯ (ಪದ ಇನ್ನೂ ಸಿಕ್ಕಿಲ್ಲ) ಬಲ ಅರೆನಿಮಿಷ ಮಾತ್ರ. ಅಷ್ಟರೊಳಗೆ ಕೈಯಲ್ಲಿ ಹಿಡಿದ ಪೆಟ್ಟಿಗೆಯ ಗುಂಡಿ ತಿರುಗಿಸಿ ಗಾಳಿಚಕ್ರವನ್ನು, ಹಲಗೆಯ ಮೇಲೆ ಮೊದಲೇ ಹೊತ್ತಿಸಿಟ್ಟ ಪೆಟ್ರೋಲು ಯಂತ್ರದ ವಿದ್ಯುತ್ತಿಗೆ ಒಪ್ಪಿಸಬೇಕು.

ಆಯುಧಪೂಜೆಯಂದು ಪೀಣ್ಯದ ಅವರ ಕಾರ್ಖಾನೆಯ ನೀರಿನ ತೊಟ್ಟಿಯಲ್ಲಿ ಪ್ರದರ್ಶನ. ಮ್ಯಾನೇಜರ್ ದೊಡ್ಡಮುನಿಯಪ್ಪನವರು ಬದಿಯಲ್ಲಿ ನಿಂತು ತಾವೇ ಓಡಿಸಿ ನೋಡುವರಂತೆ. ಮೆಚ್ಚಿದರೆ ಚನಬಸಪ್ಪನವರ ಆರು ವರ್ಷದ ಗುತ್ತಿಗೆ ಮುಗಿದು ಟೂಲ್‌ರೂಮಿನಲ್ಲಿ ಖಾಯಂ ಕೆಲಸ.

“ಈ ಸಲ ಆಗ್ಲಿಲ್ಲಂದ್ರ ಊರಿಗೆ ಹೊಂಟೆ ನೋಡ್ರಿ.”

ಓಡಿಸುವ ಕ್ರಮವನ್ನು ಚೀಟಿಯಲ್ಲಿ ಬರೆದುಕೊಡಲು ಹೇಳಿದರು. “ಸೆಲೆಕ್ಟ್ ಎಂಜಿನ್ ಅಂತ ಬರೀರಿ ಸಾಕು.” ಹಾಗೆ ಬರೆಯಲು ಕೈ ಬರಲಿಲ್ಲ. ಬರೆದೆ: ‘ನೀರಿಗಿಳಿದೊಡನೆ ಯಂತ್ರವನ್ನು ಆರಿಸಿ.’ ಒಂದಕ್ಷರವೂ ತಪ್ಪಿಲ್ಲ.

೨೩ ಅಕ್ಟೋಬರ್, ಸಂಜೆ

ಮುಳುಗಿತು.

ತೊಟ್ಟಿಯ ನೀರ ಮೇಲೆ ಎಷ್ಟು ಚೆನ್ನಾಗಿ ಜಾರಿತು! “ಸಕ್ಕತ್ತಾಗೈತಲ್ಲಪ್ಪಾ ಚನಬಸಪ್ಪ!” ಎಂದರು ಮ್ಯಾನೇಜರರು. ಚೀಟಿಯನ್ನು ಗಟ್ಟಿಯಾಗಿ ಓದಿದರು. “ಯಂತ್ರವನ್ನು ಆರಿಸಿ” — ಪೆಟ್ಟಿಗೆಯ ಕೆಂಪು ಗುಂಡಿ ಒತ್ತಿ ಯಂತ್ರವನ್ನು ನಿಲ್ಲಿಸಿಯೇಬಿಟ್ಟರು. ಹಗ್ಗ ಎಳೆದು ಹೊತ್ತಿಸಬೇಕಾದ ಯಂತ್ರ. ತೊಟ್ಟಿಯ ನಡುವೆ ಯಾರು ಎಳೆಯುವರು? ಬ್ಯಾಟರಿ ಸೋತಿತು. ಲಂಗ ಕುಸಿಯಿತು.

“ಯಾಕ್ಲಾ ಇಂಗಾಯ್ತು?”

“ವೈರಿಂಗ್ ಲೂಜ್ ಆಗಿತ್ರೀ ಸಾಹೇಬ್ರ. ತಪ್ಪು ನಂದ.”

ವೈರಿಂಗು ಸರಿಯಾಗಿತ್ತು. ನಾನೇ ನೋಡಿದ್ದೆ. ಆದರೂ ಆ ಸುಳ್ಳನ್ನು ಕೇಳಿಕೊಂಡು, ಹಗ್ಗ ಹಿಡಿದು ಹಲಗೆ ಎಳೆದೆ. ಏಕೆ?

೨೪ ಅಕ್ಟೋಬರ್

ಆರಿಸು ಎಂದರೆ ಆಯ್ದುಕೊಳ್ಳು. ಆರಿಸು ಎಂದರೆ ನಂದಿಸು. ಎರಡೂ ನಿಘಂಟಿನಲ್ಲಿವೆ, ಒಂದರ ಕೆಳಗೊಂದು. ಅಕ್ಕಿ ಆರಿಸುತ್ತಿದ್ದ ಲಕ್ಷ್ಮಮ್ಮನನ್ನು ಕೇಳಿದೆ.

“ದೀಪ ಆರ್ಸಿದ್ರೆ ಕತ್ಲೆ, ಅಕ್ಕಿ ಆರ್ಸಿದ್ರೆ ಅನ್ನ. ಇದ್ನ ಕೇಳೋಕೆ ಕನ್ನಡಕ ಬೇರೆ ಹಾಕ್ಕೊಂಡ್ ಬಂದ್ರಾ?”

ಹೆಂಡತಿಗೆ ತಿಳಿದದ್ದು ನನಗೇಕೆ...

೨೭ ಅಕ್ಟೋಬರ್

ಚನಬಸಪ್ಪನವರು ತಾರಸಿಗೆ ಬಾರದೆ ಮೂರು ದಿನ. ಮೆಟ್ಟಿಲಲ್ಲಿ ಸಿಕ್ಕರು, ಗಂಟುಮೂಟೆ ಕಟ್ಟಲು ಹಗ್ಗ ತಂದಿದ್ದರು. ಸುಳ್ಳೇಕೆ ಹೇಳಿದಿರಿ ಎಂದೆ.

“ಸಾಹೇಬ್ರಿಗೆ ಓದಾಕ ಬರಂಗಿಲ್ಲ ಅನ್ಲ್ಯಾ? ನಿಮಗ ಬರಿಯಾಕ ಬರಂಗಿಲ್ಲ ಅನ್ಲ್ಯಾ?”

ನಕ್ಕು ಹತ್ತಿಹೋದರು. ನನಗೆ ನಗು ಬರಲಿಲ್ಲ.

ಸೋಮವಾರ, ೨೯. ಕಾರ್ಖಾನೆಯ ಬಾಗಿಲು, ಹನ್ನೊಂದು ಗಂಟೆ

ಮ್ಯಾನೇಜರರಿಗೆ ಬರೆದ ನನ್ನ ಪತ್ರ ಒಳಕ್ಕೆ ಹೋಗಿ ಅರ್ಧ ಗಂಟೆ. ಒಂದೇ ಸಾಲು: ಚೀಟಿ ಬರೆದವನು ನಾನು, ತಪ್ಪು ನನ್ನದು. ಪದ ಸರಿ, ವಾಕ್ಯ ಸರಿ, ಆದರೂ ತಪ್ಪು. ಹೇಗೆಂಬುದು ಈಗಲೂ ತಿಳಿಯದು. ಕಾವಲುಗಾರನ ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಚನಬಸಪ್ಪನವರು ಓಡಿಬಂದರು.

“ಯಾರು ಬರಿ ಅಂದಾರ್ರೀ ನಿಮಗ? ಸಾಹೇಬ್ರು ಓದಿ ನಗಾಕ ಹತ್ಯಾರ! ನಾಳಿಗಿ ಇನ್ನೊಮ್ಮಿ ತೋರ್ಸು ಅಂದ್ರು. ಚೀಟಿ ಬ್ಯಾರೆ ಬರ್ಸಬೇಕಂತ.”

ಖಾಲಿ ಚೀಟಿಯನ್ನು ನನ್ನ ಮುಂದೆಯೇ ಇಟ್ಟರು. ಯಾವ ಪದ ಹಾಕಲಿ ಎಂದು ಕೇಳಿದೆ — ಈವರೆಗೆ ಯಾರನ್ನೂ ಹಾಗೆ ಕೇಳಿದವನಲ್ಲ. ಅವರು ತಲೆ ಕೆರೆದುಕೊಂಡು, “ಸರ, ನೀವ ಆರಿಸ್ರಿ!” ಎಂದು ನಕ್ಕರು.