ಗೀಫಿ ಖಾಲಿ

ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ರೈಟರ್ ಚನ್ನಬಸವಯ್ಯನವರಿಗೆ,

ನಿಮ್ಮಿಂದ ಇಂಗ್ಲಿಷ್ ಮಾತಾಡೋದು ಕಲಿಯೋಕೆ ನನಗೆ ಖರ್ಚಾಗಿದ್ದು ಎರಡು ವರ್ಷ, ಜೊತೆಗೆ ಒಂದಿಷ್ಟು ಮಾನ. ಎಸ್ಟೇಟಿನಲ್ಲಿ ಕಾಫಿ ಗಿಡದ ಬೇಡದ ಚಿಗುರು ತೆಗೆಯುವಾಗ ಗಿಡಕ್ಕೊಂದು ವಾಕ್ಯ ಗಟ್ಟಿಯಾಗಿ ಹೇಳಿಸುತ್ತಿದ್ದಿರಿ. ತಪ್ಪಿದರೆ ಕೂಲಿ ಲೈನಿನವರೆಲ್ಲ ನಗುತ್ತಿದ್ದರು. ನೀವು ಮಾತ್ರ ಮುಂದಿನ ಗಿಡ ತೋರಿಸಿ ಕಾಯುತ್ತಿದ್ದಿರಿ.

ನೀವು ತೀರಿಕೊಂಡು ವರ್ಷವಾಯ್ತು. ಆ ಇಂಗ್ಲಿಷಿನ ದೆಸೆಯಿಂದ ದೋಣಿಗಲ್‌ನಲ್ಲಿ ಈಗ ನಮ್ಮದೇ ಹೋಂಸ್ಟೇ ಐತೆ. ಕನ್ನಡ ಕಲೀತೀನಂತ ಜರ್ಮನಿಯಿಂದ ಬಂದಿರೋ ಲೀನಾಗೆ ಇವತ್ತು, "ಕಾಫಿ ಗೀಫಿ ಕುಡೀತೀಯೇನವ್ವಾ?" ಅಂದೆ. ಅವಳು ಯೋಚನೆ ಮಾಡಿ, "ಕಾಫಿ ಬೇಡ. ಗೀಫಿ ಕೊಡಿ" ಅಂದಳು.

ನನ್ನ ಹೆಂಡತಿ ದೇವೀರಮ್ಮ ನಕ್ಕಿದ್ದೇ ತಡ, ಲೀನಾ ಮುಖ ಕೆಂಪಗೆ ಮಾಡಿಕೊಂಡು ಇಂಗ್ಲಿಷಿಗೆ ಇಳಿದುಬಿಟ್ಟಳು. ಹೀಗೇ ಬಿಟ್ಟರೆ ಮತ್ತೆ ಕನ್ನಡಕ್ಕೆ ಬಾಯಿ ತೆರೆಯೋದಿಲ್ಲ ಅನ್ನಿಸಿತು. "ಗೀಫಿ ಖಾಲಿಯಾಗ್ಬುಟ್ಟೈತೆ ಕಣವ್ವಾ" ಅಂದು, ನಗದೆ ಕಾದೆ. ಬಹಳ ಹೊತ್ತಾಯ್ತು.

"ಗೀಫಿ ನಾಳೆ ಬರ್ತದಾ?" ಅಂದಳು. ಆಮೇಲೆ ಅವಳೇ ನಕ್ಕಳು.

ಹಾಗೆ ಕಾಯೋದನ್ನ ಕಲಿಸಿದ್ದು ನೀವು. ಆದರೆ ಲಕ್ವ ಹೊಡೆದು ನಿಮ್ಮ ಮಾತು ತಡವರಿಸುವಾಗ, ಕಾಯದೆ ನಿಮ್ಮ ವಾಕ್ಯಗಳನ್ನೆಲ್ಲ ನಾನೇ ಮುಗಿಸಿ ಎದ್ದು ಬರುತ್ತಿದ್ದೆ.

ಲೀನಾಗೆ ಒಂದು ಪ್ರಶ್ನೆ ದಕ್ಕಿತು. ದೇವೀರಮ್ಮನಿಗೆ ವಾರಕ್ಕಾಗುವಷ್ಟು ನಗು. ನಿಮ್ಮಿಂದ ನನಗೆ ಮನೆ, ಅನ್ನ, ಮಾತು. ನನ್ನಿಂದ ನಿಮಗೆ ಬಂದಿದ್ದು, ನೋಡೋಕೆ ಬಂದಾಗಲೆಲ್ಲ ಒಂದು ಡಜನ್ ಕಿತ್ತಳೆ.