ಎಡಕ್ಕೆ ತಿರುಗಬೇಕಿದ್ದ ಚುಕ್ಕೆ

ಶಹಾಪುರ
೧೨ ಫೆಬ್ರವರಿ ೨೦೨೪

ಯಾದಗಿರಿ, ಶಹಾಪುರ, ಸುರಪುರದಿಂದ ಬಂದು ಕೂತ ಸಮಸ್ತ ಸಭಿಕರೇ, ಮುಂದಿನ ಕುರ್ಚಿಯ ಸಾಹೇಬರೇ, ಹಿಂದೆ ಚಾಪೆಯ ಮೇಲಿನ ತಾಯಂದಿರೇ, ಸದ್ದು ಮಾಡದೆ ಕೇಳ್ರಿ.

ಪ್ರೀತಿಯ ನುಜ್ಹತ, ನಗಬ್ಯಾಡವ್ವಾ. ಸಭೆ ಎಲ್ಲಿಯೂ ಇಲ್ಲ, ಓದಾಕಿ ನೀ ಒಬ್ಬಾಕಿ. ನಾಟಕ ಕಂಪನಿಯ ಡೇರೆಯೊಳಗ ಬೆಳೆದವನು ನಾನು. ನೂರು ಮಂದಿಯನ್ನು ಕರೆಯದೆ ನನ್ನ ಬಾಯಿ ತೆರೆಯೋದಿಲ್ಲ. ಒಬ್ಬರೆದುರು ನಿಂತು ಮಾತಾಡೋದು ಇನ್ನೂ ಕಷ್ಟ. ನಾಲ್ಕು ತಿಂಗಳಾತು, ನೀ ನನ್ನ ಫೋನ್ ಎತ್ತಿಲ್ಲ. ಎತ್ತದೆ ಇದ್ದದ್ದು ಬರೋಬರಿ.

ನಿನಗ ಗೊತ್ತಿದ್ದದ್ದನ್ನೇ ಬರೀತೀನಿ, ಯಾಕಂದ್ರ ನಾಳೆ ಗೊತ್ತಿಲ್ಲದವರ ಮುಂದೆ ಇದನ್ನೇ ಹೇಳಬೇಕಾಗೇದ. ರೇಡಿಯೋ ಯಂತ್ರದಿಂದ ಆಂಟೆನಾಕ್ಕೆ ಕೇಬಲ್ ಹೋಗತದ. ಒಂದಕ್ಕೊಂದು ಹೊಂದದಿದ್ದರೆ ಕಳಿಸಿದ ಶಕ್ತಿ ಬಾಗಿಲಿಂದಲೇ ಹೊಳ್ಳಿ ಬರತದ. ಎಷ್ಟು ಹೊಂದಿಲ್ಲ, ಹೆಂಗ ಹೊಂದಿಸಬೇಕು ಅನ್ನೋದನ್ನು ದುಂಡನೆಯ ನಕ್ಷೆಯ ಮೇಲೆ ಒಂದು ಚುಕ್ಕೆ ಇಟ್ಟು, ತಿರುಗಿಸಿ ಕಂಡುಹಿಡೀತಾರ. ನಮ್ಮ ಡಿಪ್ಲೊಮಾ ಹುಡುಗರು ಆ ನಕ್ಷೆ ಕಂಡರೆ ಪರೀಕ್ಷೆ ಬಿಟ್ಟು ಎದ್ದು ಹೋಗತಿದ್ದರು. ನೀ ಕೊನೆಯ ವರ್ಷದಾಗ ಇದ್ದಾಗಲೇ ಕಂಪ್ಯೂಟರಿನಾಗ ಆ ಚುಕ್ಕೆ ಓಡೋ ಹಂಗ ಮಾಡಿದಿ. ನಾ ಕನ್ನಡದಾಗ ದನಿ ಕೊಟ್ಟೆ. ಚುಕ್ಕೆ ನಾಯಕ, ನಡುವಿನ ಬಿಂದು ಸಿಂಹಾಸನ. ಗುರುಮಠಕಲ್ ಕಡೆಯ ತೆಲುಗು ಹುಡುಗರೂ ನಕ್ಕೋತ ಕಲಿತರು.

ಯಂತ್ರದ ಕಡೆ ಹೋಗುವಾಗ ಚುಕ್ಕೆ ಬಲಕ್ಕೆ, ಆಂಟೆನಾ ಕಡೆ ಹೋಗುವಾಗ ಎಡಕ್ಕೆ ತಿರುಗಬೇಕು ಅಂದಿ ನೀ. ನಮ್ಮ ಕಂಪನಿಯೊಳಗ ರಾಜಪಾತ್ರ ರಂಗವನ್ನು ಬಲಕ್ಕೇ ಸುತ್ತಬೇಕು. ಎಡಕ್ಕೆ ಸುತ್ತೋದು ಹೆಣ ಎತ್ತೋ ದೃಶ್ಯದಾಗ ಮಾತ್ರ. ರಂಗಕ್ಕೆ ಬಂದ ದಿನವೇ ನನ್ನ ನಾಯಕನ ಹೆಣ ಎತ್ತತೀ ಏನು ಅಂದೆ. ಸರ, ಇದು ತಂತಿರಿ, ತಂತಿಗೆ ಶಕುನ ಇರಂಗಿಲ್ಲರಿ ಅಂದಿ. ದುಂಡನೆಯ ದಾರಿ, ಯಾವ ಕಡೆಯಿಂದ ಹೋದರೇನು, ಇಪ್ಪತ್ತೆರಡು ವರ್ಷ ಪಾಠ ಹೇಳಿದವನಿಗೆ ನೀ ಹೇಳತೀ ಅಂದೆ. ಮೂರು ದಿನ ಮುಖ ಗಂಟು ಹಾಕಿಕೊಂಡು, ಯಾವಾಗಲೂ ಬಲಕ್ಕೇ ತಿರುಗೋ ಹಂಗ ಬದಲಿಸಿ ಕೊಟ್ಟಿ.

ಯಾದಗಿರಿಯಾಗ ನಿನ್ನ ನೌಕರಿಯ ಆಯ್ಕೆ ಸಮಿತಿಯ ಮುಂದೆ ಪ್ರದರ್ಶನದ ದಿನ ನನ್ನ ದನಿ ಗುಡುಗಿತು, ಸಮಿತಿಯವರು ಚಪ್ಪಾಳೆ ಹೊಡೆದರು. ಆಮೇಲೆ ಅವರೊಳಗಿನ ಚೇತನಕುಮಾರ ಸಾಹೇಬರು ಕೇಬಲಿನ ಈ ತುದಿಯಾಗ ಅಳೆದ ಸಂಖ್ಯೆ ಕೊಟ್ಟು, ಆ ತುದಿಯ ಆಂಟೆನಾ ಎಷ್ಟು ಹೇಳ್ರಿ ಅಂದರು. ನಮ್ಮ ನಾಯಕ ಬಲಕ್ಕೆ ಸುತ್ತಿ ಬಂದು ತಪ್ಪು ಹೇಳಿದ. ಯಾರು ಬರೆದದ್ದಿದು ಅಂದರು. ನಾ ನಿನ್ನ ಕಡೆ ಕೈ ತೋರಿಸಿದೆ. ಈ ಹುಡುಗಿ ಬರದಾಳರಿ, ನಾ ಬರೇ ದನಿ ಕೊಟ್ಟವ ಅಂದೆ. ನೀ ನನ್ನ ಮುಖ ನೋಡಿದಿ.

ಜಿಲ್ಲೆಯ ಕಾಲೇಜುಗಳಿಗೆ ಇದನ್ನು ಕಲಿಸೋ ನೌಕರಿ ನಿನಗ ಆಗಬೇಕಿತ್ತು. ಹೋತು. ಈಗ ಸುರಪುರದ ಝೆರಾಕ್ಸ್ ಅಂಗಡಿಯಾಗ ಮಂದಿಯ ಅರ್ಜಿ ತುಂಬಾಕತ್ತೀ ಅಂತ ನಮ್ಮ ಪ್ಯೂನ್ ದುರಗಮ್ಮ ಹೇಳಿದಳು. ಹೇಳಿ, ನೀವು ಆರಾಮ ಅದೀರಲ್ಲರಿ ಸರ, ಅಂದಳು. ಮುಖದ ಮೇಲೆ ಚಪ್ಪಲಿ ಬಿದ್ದಂಗಾತು.

ತಪ್ಪು ನನಗೂ ಅಲ್ಲೇ ಗೊತ್ತಾತು. ಗಾಬರಿಯೊಳಗ ಬಾಯಿ ಜಾರಿತು. ಇಷ್ಟೇ ನನ್ನ ಗುನ್ನೆ.

ಆ ನೌಕರಿಗೆ ಬೇರೆಯವರನ್ನು ಆರಿಸಲಿಕ್ಕೆ ಸಮಿತಿ ನಾಳೆ ಕೂಡತದ. ಈ ಪತ್ರ ಸಂಜೆ ತನ್ನೂರು ಸುರಪುರಕ್ಕೆ ಹೊಂಟ ದುರಗಮ್ಮನ ಕೈಯಾಗ ಕಳಿಸತೀನಿ. ಕ್ಷಮಿಸು ಅಂತ ಕೇಳೋ ಮುಖ ನನಗಿಲ್ಲ.

ಇಂತಿ,
ನಿನ್ನ ಮೇಷ್ಟರು ಅಂತ ಬರೆಯಲಾಗದ
ಬಸವಂತ್ರಾಯ

ತಾ.ಕ.: ಮೇಲೆ ಒಂದು ಸುಳ್ಳು ಬರೆದೀನಿ, ತಪ್ಪು ಅಲ್ಲೇ ಗೊತ್ತಾತು ಅಂತ. ಪ್ರದರ್ಶನದ ಹಿಂದಿನ ಮಧ್ಯಾಹ್ನ ಲ್ಯಾಬಿನ ಬಾಗಿಲು ಹಾಕಿಕೊಂಡು, ನೀ ಮೊದಲು ಮಾಡಿದ್ದನ್ನೂ ನಾ ಬದಲು ಮಾಡಿಸಿದ್ದನ್ನೂ ನಮ್ಮ ಆಂಟೆನಾಕ್ಕೆ ಹಚ್ಚಿ ನೋಡಿದ್ದೆ. ನಿನ್ನದು ಸರಿ ಇತ್ತು. ಅದನ್ನು ಒಯ್ದಿದ್ದರೆ, ಬಲಕ್ಕೆ ಬಾ ನಾಯಕಾ ಅನ್ನೋ ನನ್ನ ಮಾತು ತೆಗೆಯಬೇಕಾಗತಿತ್ತು. ಚಪ್ಪಾಳೆ ಬೀಳೋದು ಆ ಮಾತಿಗೇ ಅಂತ ಗೊತ್ತಿತ್ತು. ನಿನ್ನ ಮೊದಲಿನದು ಇನ್ನೂ ನನ್ನ ಪೆನ್‌ಡ್ರೈವಿನಾಗ ಅದ. ನಾಳೆ ಮುಂಜಾನೆ ಆರರ ಬಸ್ಸಿಗೆ ಯಾದಗಿರಿಗೆ ಹೋಗಿ, ಸಮಿತಿಯ ಮುಂದೆ ಅದನ್ನೇ ನಡೆಸಿ ತೋರಿಸತೀನಿ, ನನ್ನ ದನಿ ಬಂದ್ ಮಾಡಿ.